ಫರ್ನ್ ಒಣಗಿದರೆ ಕೈಗುಣವನ್ನು ದೂರಬೇಡಿ

"ನಮ್ಮ ಕೈಯಾಗ ಗಿಡ ಉಳಿಯಂಗಿಲ್ರಿ." ಈ ಮಾತನ್ನು ನೀವೂ ಒಮ್ಮೆಯಾದರೂ ಆಡಿರುತ್ತೀರಿ. ಇಲ್ಲವೇ ನಿಮ್ಮ ಬಗ್ಗೆ ಬೇರೆಯವರು ಆಡಿದ್ದನ್ನು ಕೇಳಿರುತ್ತೀರಿ. ತುಳಸಿ, ಮಲ್ಲಿಗೆ, ದಾಸವಾಳ ಎಲ್ಲವನ್ನೂ ನಳನಳಿಸುವಂತೆ ಬೆಳೆಸಿದ ಜಾಣೆಯರು ಕೂಡ ಒಂದು ಫರ್ನ್ ಕುಂಡದ ಮುಂದೆ ಸೋತು ಕೂರುತ್ತಾರೆ. ಆಗಸ್ಟಿನಲ್ಲಿ ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ, ಬರುವಾಗ ಒಂದು ಫರ್ನ್ ಕುಂಡವನ್ನು ಮಡಿಲಲ್ಲಿ ಇಟ್ಟುಕೊಂಡು ರಾತ್ರಿಯಿಡೀ ರೈಲಿನಲ್ಲಿ ಪ್ರಯಾಣ ಮಾಡಿ ತಂದಿರುತ್ತೀರಿ. ದೀಪಾವಳಿಗೆ ಬಂದ ನೆಂಟರೆಲ್ಲ ಹೊಗಳಿರುತ್ತಾರೆ. ಯುಗಾದಿ ಹೊತ್ತಿಗೆ ಅದೇ ಗಿಡ ಕಸಬರಿಗೆಯ ಹಾಗೆ ಆಗಿರುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಅಂದೇ ಅನ್ನುತ್ತಾರೆ: "ಕೈಗುಣ ಬೇಕು ಬಿಡು."

ಚೌಡಾಪುರದ ಓದುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ತವರು ಶಿರಸಿ ಕಡೆ. ಯಜಮಾನರಿಗೆ ವರ್ಗವಾದ್ದರಿಂದ ಈ ಕಡೆ ಬಂದಿದ್ದಾರೆ. "ನಮ್ಮಲ್ಲಿ ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಗಿಡ ಇದು. ಇಲ್ಲಿ ದಿನಾ ನೀರು ಹಾಕಿದರೂ ಸಾಯುತ್ತದೆ. ಇದು ಮೂರನೆಯ ಗಿಡ. ಇನ್ನು ತರಬೇಡ ಎಂದು ಮನೆಯವರು ಹೇಳಿದ್ದಾರೆ. ತಪ್ಪು ನನ್ನದಾ?" ಎಂದು ಕೇಳಿದ್ದಾರೆ.

ಪ್ರಶ್ನೆ ಗಿಡದ್ದು ಅಂತ ಕಂಡರೂ ಅದರೊಳಗೆ ತವರಿನ ನೆನಪಿದೆ, ಸ್ವಲ್ಪ ಅವಮಾನವೂ ಇದೆ. ಆದ್ದರಿಂದ ಈ ವಾರ ಇದೇ ವಿಷಯ ಮಾತಾಡೋಣ. ಮೊದಲಿಗೇ ಹೇಳಿಬಿಡುತ್ತೇವೆ, ಫರ್ನ್ ಸಾಯುವುದಕ್ಕೂ ಕೈಗುಣಕ್ಕೂ ಸಂಬಂಧವಿಲ್ಲ. ಅದು ಸಾಯುವುದು ಗಾಳಿಯಿಂದ, ನೀರಿನಿಂದ, ಮಣ್ಣಿನಿಂದ, ಇಟ್ಟ ಜಾಗದಿಂದ. ಈ ನಾಲ್ಕನ್ನೂ ಮನೆಯಲ್ಲೇ ಪರೀಕ್ಷಿಸಬಹುದು, ಮುಕ್ಕಾಲು ಪಾಲು ಸರಿಪಡಿಸಲೂಬಹುದು.

ಇದು ಎಂಥ ಗಿಡ?

ಫರ್ನ್ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ, ಬೀಜವೂ ಇಲ್ಲ. ಶಾಲೆಯ ಪುಸ್ತಕದಲ್ಲಿ ಜರೀಗಿಡ ಎಂದು ಓದಿದ್ದು ನೆನಪಿದೆಯಲ್ಲ, ಅದೇ ಇದು. ದೊಡ್ಡ ಮರಗಳ ನೆರಳಿನಲ್ಲಿ, ಹಳ್ಳದ ದಂಡೆಯಲ್ಲಿ, ಕೊಳೆತ ಎಲೆಗಳ ನಡುವೆ ಬೆಳೆದ ವಂಶ ಇದರದು. ಎಲೆ ತೆಳು, ಬೇರು ಸಣ್ಣದು, ಮೇಲುಮೇಲಕ್ಕೇ ಹರಡಿರುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಾದರೆ ಎಲೆಯ ನೀರು ಬೇಗ ಆರಿಹೋಗುತ್ತದೆ. ಅಷ್ಟು ವೇಗದಲ್ಲಿ ಬೇರು ನೀರು ಮೇಲೆತ್ತಲಾರದು.

ಈಗ ಲೆಕ್ಕ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7 ಸಾವಿರ ಮಿಲಿಮೀಟರ್ ಮಳೆ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ 800 ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ. ಫರ್ನ್‌ಗೆ ಹಿತವೆನಿಸುವುದು 18ರಿಂದ 25 ಡಿಗ್ರಿ. ಚೌಡಾಪುರ, ಅಫಜಲಪುರ, ಆಳಂದ, ಜೇವರ್ಗಿ ಕಡೆ ಮಾರ್ಚ್ ಆದಮೇಲೆ ಬೀಸುವ ಒಣಗಾಳಿಗೆ ನಮ್ಮ ತುಟಿಯೇ ಒಡೆಯುತ್ತದೆ, ಒಗೆದ ಸೀರೆ ಅರ್ಧ ತಾಸಿನಲ್ಲಿ ಗರಿಗರಿಯಾಗುತ್ತದೆ. ಅದೇ ಗಾಳಿ ಫರ್ನ್ ಗರಿಯ ಮೇಲೂ ಹಾಯುತ್ತದೆ. ಶಿರಸಿಯ ಬಾವಿಕಟ್ಟೆಯಲ್ಲಿ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲ, ನಿಜ. ಆದರೆ ಅಲ್ಲಿ ಗಾಳಿಯೇ ನೀರು ಹೊತ್ತು ತರುತ್ತದೆ. ಇಲ್ಲಿ ಗಾಳಿ ಇದ್ದ ನೀರನ್ನೂ ಹೊತ್ತೊಯ್ಯುತ್ತದೆ. ವ್ಯತ್ಯಾಸ ಇಷ್ಟೇ.

ಇದಕ್ಕೊಂದು ಹಳೆಯ ಕಥೆಯೂ ಇದೆ. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯರಿದ್ದರು. ಅವರು ತೋಟದಲ್ಲಿ ನೆಟ್ಟ ಫರ್ನ್‌ಗಳೆಲ್ಲ ಕಲ್ಲಿದ್ದಲಿನ ಹೊಗೆಗೆ ಸಾಯುತ್ತಿದ್ದವು. 1829ರ ಸುಮಾರಿಗೆ ಪತಂಗದ ಗೂಡೊಂದನ್ನು ತೇವದ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಫರ್ನ್ ಮೊಳೆತು, ವರ್ಷಗಟ್ಟಲೆ ಬದುಕಿತು. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿತ್ತು. ಮುಂದೆ ಅಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಚಹಾ ಸಸಿಗಳು ಚೀನಾದಿಂದ ಭಾರತಕ್ಕೆ ಬಂದವು. ವೈದ್ಯರ ಕೈಗುಣ ತೋಟದಲ್ಲಿ ಕೆಟ್ಟದ್ದು, ಬಾಟಲಿಯಲ್ಲಿ ಒಳ್ಳೆಯದು ಅಂತ ಹೇಳಲಾದೀತೇ?

ಮೊದಲು ತಪಾಸಣೆ, ಆಮೇಲೆ ಔಷಧ

ಎಲೆ ಒಣಗಿದ್ದು ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಒಂದು ತಂಬಿಗೆ ನೀರು ಸುರಿಯುವುದು. ಅದು ಜ್ವರವೋ ಅಜೀರ್ಣವೋ ತಿಳಿಯದೆ ಮಾತ್ರೆ ನುಂಗಿಸಿದಂತೆ. ಮೊದಲು ಈ ನಾಲ್ಕು ಪರೀಕ್ಷೆ ಮಾಡಿ.

ಬೆರಳು: ತೋರುಬೆರಳನ್ನು ಮಣ್ಣಿನಲ್ಲಿ ಒಂದು ಗೆಣ್ಣಿನಷ್ಟು ಇಳಿಸಿ. ತೇವ ಹತ್ತಿದರೆ ನೀರು ಬೇಡ. ಪುಡಿಪುಡಿ ಅನಿಸಿದರೆ ಬೇಕು.

ತೂಕ: ನೀರು ಹಾಕಿದ ದಿನ ಕುಂಡ ಎತ್ತಿ ನೋಡಿ, ಎರಡು ದಿನ ಬಿಟ್ಟು ಮತ್ತೆ ಎತ್ತಿ. ವಾರದೊಳಗೆ ನಿಮ್ಮ ಕೈಗೇ ಅಂದಾಜು ಬರುತ್ತದೆ. ಅಡುಗೆಗೆ ಉಪ್ಪು ಹಾಕುವ ಕೈಗೆ ಇದೇನೂ ಕಷ್ಟವಲ್ಲ.

ಮೂಗು: ಕುಂಡದ ತಳದ ತೂತಿನ ಹತ್ತಿರ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಚರಂಡಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ ಎಂದರ್ಥ.

ಕಣ್ಣು: ಗರಿಯನ್ನು ಮಗುಚಿ ಹಿಂಭಾಗ ನೋಡಿ. ಹುಳು, ನುಸಿ, ಬಲೆ ಎಲ್ಲಾ ಅಡಗುವುದು ಅಲ್ಲೇ.

ಯಾವ ಲಕ್ಷಣ, ಏನು ಕಾರಣ?

ಗರಿಯ ತುದಿ ಮಾತ್ರ ಕಂದಾಗಿ ಗರಿಗರಿಯಾಗಿದೆ: ಇದು ಒಣಗಾಳಿಯ ಗುರುತು. ಫ್ಯಾನಿನ ನೇರ ಕೆಳಗೆ, ಕೂಲರಿನ ಬಾಯಿಗೆ, ಎ.ಸಿ. ಗಾಳಿಗೆ ಕುಂಡ ಇಟ್ಟಿದ್ದೀರಾ ನೋಡಿ. ಕೂಲರ್ ಇರುವ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚಿರುತ್ತದೆ. ಅದು ಫರ್ನ್‌ಗೆ ಒಳ್ಳೆಯದೇ. ಆದರೆ ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿಡಿ. ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ. ಕತ್ತರಿಯಿಂದ ಸವರಿಬಿಡಿ. ಹೊಸ ಗರಿ ಚೆನ್ನಾಗಿ ಬಂದರೆ ನಿಮ್ಮ ಉಪಾಯ ಫಲಿಸಿತು ಎಂದು ತಿಳಿಯಿರಿ.

ಸಣ್ಣ ಎಲೆಗಳು ದಿನಾ ಉದುರಿ ನೆಲ ಗುಡಿಸುವಂತಾಗಿದೆ: ಒಂದೆರಡು ಸಲ ಮಣ್ಣು ಪೂರ್ತಿ ಒಣಗಿದೆ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ಹೀಗಾಗುವುದು ಹೆಚ್ಚು. ಇಲ್ಲಿ ಒಂದು ಮೋಸವಿದೆ. ಒಣಗಿದ ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ನೀವು ಹಾಕಿದ ನೀರು ಆ ಸಂದಿಯಿಂದ ಇಳಿದು ತಳದಲ್ಲಿ ಹೊರಗೆ ಬರುತ್ತದೆ. ನೀರು ಕುಡಿಯಿತು ಅಂತ ನೀವು ಅಂದುಕೊಳ್ಳುತ್ತೀರಿ, ಬೇರಿಗೆ ಮಾತ್ರ ಹನಿಯೂ ಸಿಕ್ಕಿರುವುದಿಲ್ಲ. ಪರಿಹಾರ ಸುಲಭ. ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ ಕುಂಡವನ್ನು ಅದರಲ್ಲಿ ಕೂಡಿಸಿ. ಗುಳ್ಳೆ ಏಳುವುದು ನಿಂತ ಮೇಲೆ, ಅಂದರೆ ಸುಮಾರು ಅರ್ಧ ತಾಸಿನ ನಂತರ ಎತ್ತಿ, ನೀರು ಸೋರಲು ಬಿಡಿ.

ಕೆಳಗಿನ ಗರಿಗಳು ಹಳದಿಯಾಗಿ ಜೋತು ಬಿದ್ದಿವೆ, ಮಣ್ಣು ಒದ್ದೆ ಇದೆ: ನೀರು ಹೆಚ್ಚಾಗಿದೆ. ಪ್ರೀತಿ ಹೆಚ್ಚಾಗಿ ಸಾಯುವ ಗಿಡಗಳು ಇವೇ. ಕುಂಡದ ತೂತು ಮುಚ್ಚಿದೆಯೇ ನೋಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಚರಂಡಿ ವಾಸನೆ ಇದ್ದರೆ ಗಿಡ ಹೊರಗೆ ತೆಗೆದು, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಿ. ಮುದಿಯಾದ ಒಂದೆರಡು ಗರಿ ಹಳದಿಯಾಗುವುದು ಸಹಜ, ಅದಕ್ಕೆ ಗಾಬರಿ ಬೇಡ.

ಇಡೀ ಗಿಡ ಬಣ್ಣಗೆಟ್ಟು ತಿಳಿಹಸಿರಾಗಿದೆ: ಬಿಸಿಲು ಹೆಚ್ಚು. ಫರ್ನ್‌ಗೆ ಬೆಳಕು ಬೇಕು, ಬಿಸಿಲು ಬೇಡ. ಬೆಳಿಗ್ಗೆ ಎಂಟರೊಳಗಿನ ಎಳೆಬಿಸಿಲು ಸಾಕು. ಹಾಗೆಂದು ಕತ್ತಲೆ ಮೂಲೆಯಲ್ಲೂ ಬಾಳುವುದಿಲ್ಲ. ಕುಂಡ ಇಟ್ಟ ಜಾಗದಲ್ಲಿ ದೀಪ ಹಾಕದೆ ನೀವು ಪೇಪರ್ ಓದಲು ಆಗುತ್ತದೆಯೇ? ಹಾಗಿದ್ದರೆ ಆ ಬೆಳಕು ಸಾಕು.

ಹೊಸ ಗರಿ ಮಾತ್ರ ಹಳದಿ, ನರಗಳು ಹಸಿರು: ಗಡಸು ನೀರಿನ ಕೆಲಸ ಇದು. ನೀರಿನಲ್ಲಿರುವ ಸುಣ್ಣದ ಅಂಶ ಸೇರಿ ಸೇರಿ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡ ಅದನ್ನು ಹೀರಲಾರದು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಇದು ಖಾತ್ರಿ. ಗೊಬ್ಬರ ಸುರಿದರೆ ಇನ್ನೂ ಕೆಡುತ್ತದೆ. ಮೊದಲು ನೀರು ಬದಲಿಸಬೇಕು.

ಗರಿಯ ಹಿಂದೆ ಕಂದು ಚುಕ್ಕೆಗಳು: ಈ ಪುಟಕ್ಕೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಚುಕ್ಕೆಗಳು ಹೊಲಿಗೆ ಹಾಕಿದಂತೆ ಸಾಲಾಗಿ, ಒಂದೇ ಅಳತೆಯಲ್ಲಿ, ಗರಿಯ ಹಿಂಭಾಗದಲ್ಲಿ ಮಾತ್ರ ಇದ್ದರೆ ಅದು ರೋಗವಲ್ಲ, ಹುಳುವಲ್ಲ. ಫರ್ನ್ ವಂಶ ಬೆಳೆಸುವ ಬೀಜಕಗಳ ಗೂಡು ಅದು. ನಿಮ್ಮ ಗಿಡ ಆರೋಗ್ಯವಾಗಿದೆ ಎಂದು ಸಂತೋಷಪಡಿ. ದಯವಿಟ್ಟು ಔಷಧ ಹೊಡೆಯಬೇಡಿ. ಚುಕ್ಕೆಗಳು ಎಲ್ಲೆಂದರಲ್ಲಿ ಇದ್ದು, ಕಡ್ಡಿಗೂ ಅಂಟಿಕೊಂಡು, ಉಗುರಿನಿಂದ ಕೆರೆದರೆ ಚಿಪ್ಪಿನಂತೆ ಕಿತ್ತು ಬಂದು, ಎಲೆ ಅಂಟಂಟು ಆಗಿದ್ದರೆ ಮಾತ್ರ ಅದು ಚಿಪ್ಪು ಹುಳು.

ಹತ್ತಿಯಂಥ ಬಿಳಿ ಮುದ್ದೆ, ಸಣ್ಣ ಜೇಡರಬಲೆ: ಬಿಳಿ ಮುದ್ದೆ ಹಿಟ್ಟುತಿಗಣೆ. ಬಲೆ ಮತ್ತು ಧೂಳಿನಂಥ ಚುಕ್ಕೆ ನುಸಿ. ನುಸಿಗೆ ಬಿಸಿಲು, ಒಣಹವೆ ಎಂದರೆ ಹಬ್ಬ. ಬಿಳಿ ಕಾಗದದ ಮೇಲೆ ಗರಿಯನ್ನು ಕೊಡವಿ. ಉದುರಿದ ಚುಕ್ಕೆ ಹರಿದಾಡಿದರೆ ನುಸಿ ಇದೆ. ಹೆಚ್ಚು ಹತ್ತಿದ ಗರಿ ಕತ್ತರಿಸಿ ಎಸೆಯಿರಿ. ಉಳಿದದ್ದನ್ನು ಬಚ್ಚಲಿಗೆ ಒಯ್ದು ಗರಿಯ ಹಿಂಭಾಗಕ್ಕೆ ನೀರು ಚಿಮುಕಿಸಿ ಚೆನ್ನಾಗಿ ತೊಳೆಯಿರಿ. ನಾಲ್ಕೈದು ದಿನಕ್ಕೊಮ್ಮೆ ಹೀಗೆ ಮೂರು ವಾರ ಮಾಡಿ. ಫರ್ನ್ ಎಲೆ ಬಹಳ ಸೂಕ್ಷ್ಮ. ಸೋಪಿನ ನೀರು, ಬೇವಿನೆಣ್ಣೆ ಎರಡೂ ಅದನ್ನು ಸುಡಬಹುದು. ಹಾಕಲೇಬೇಕಾದರೆ ತೀರಾ ತೆಳುವಾಗಿ ಕಲಸಿ, ಒಂದೇ ಗರಿಗೆ ಹಚ್ಚಿ ಎರಡು ದಿನ ಕಾಯ್ದು ನೋಡಿ. ಹೊಲಕ್ಕೆ ಹೊಡೆಯಲು ತಂದ ಕೀಟನಾಶಕವನ್ನು ಮನೆಯೊಳಗಿನ ಕುಂಡಕ್ಕೆ ತರಲೇಬೇಡಿ.

ಗಿಡದಿಂದ ದಾರದಂಥ ಎಳೆಗಳು ಜೋತಾಡುತ್ತಿವೆ: ಬೋಸ್ಟನ್ ಫರ್ನ್‌ನಲ್ಲಿ ಇದು ಸಾಮಾನ್ಯ. ಅವು ಮರಿ ಮಾಡುವ ಬಳ್ಳಿಗಳು. ತುದಿಯನ್ನು ಪಕ್ಕದ ಕುಂಡದ ತೇವದ ಮಣ್ಣಿಗೆ ತಾಗಿಸಿ ಪಿನ್ ಚುಚ್ಚಿ ಕೂಡಿಸಿದರೆ ಹೊಸ ಗಿಡ ಪುಕ್ಕಟೆ.

ನೀರಿನ ಮಾತು

ನಮ್ಮ ಕಡೆ ಬೋರಿನ ನೀರು ಗಡಸು. ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದೇ ಪದರ ಕುಂಡದೊಳಗೂ ಕಟ್ಟುತ್ತದೆ. ಮನೆಯಲ್ಲಿ ಆರ್.ಓ. ಇದ್ದವರು ಅದರ ಹೊರಪೈಪಿನ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಹಾಕುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಆ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ನೆಲ ಒರೆಸಲು, ಪಾಯಖಾನೆ ತೊಳೆಯಲು ಬಳಸಿ, ಫರ್ನ್‌ಗೆ ಬೇಡ.

ಹಾಗಾದರೆ ಯಾವ ನೀರು? ಮಳೆನೀರಿಗಿಂತ ಒಳ್ಳೆಯದಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಒಂದೆರಡು ಕುಂಡಕ್ಕೆ ಬಹಳ ದಿನ ಬರುತ್ತದೆ. ಎ.ಸಿ. ಇರುವ ಮನೆಯಲ್ಲಿ ಅದರ ಪೈಪಿನಿಂದ ಹನಿಯುವ ನೀರು ಗಾಳಿಯ ತೇವವೇ ಆದ್ದರಿಂದ ಅದರಲ್ಲಿ ಸುಣ್ಣವಿಲ್ಲ, ಬಳಸಬಹುದು. ನಳದ ನೀರು ಸಿಹಿಯಾಗಿದ್ದರೆ ಅದೂ ಆದೀತು. ಬೋರಿನ ನೀರೇ ಗತಿಯೆಂದರೆ, ತಿಂಗಳಿಗೊಮ್ಮೆ ಮಳೆನೀರನ್ನೋ ಸಿಹಿನೀರನ್ನೋ ಕುಂಡದ ತುಂಬ ನಿಧಾನವಾಗಿ ಹಾಯಿಸಿ, ತಳದಿಂದ ಪೂರ್ತಿ ಹರಿದುಹೋಗಲು ಬಿಡಿ. ಕಟ್ಟಿದ ಲವಣ ತೊಳೆದುಹೋಗುತ್ತದೆ.

ಬೇಸಿಗೆಯಲ್ಲಿ ಮನುಷ್ಯರಿಗೇ ನೀರಿಲ್ಲದಾಗ ಗಿಡಕ್ಕೆ ಎಲ್ಲಿಂದ ತರೋದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭೀಮೆಯ ತಳ ಕಾಣುವ ದಿನಗಳಲ್ಲಿ, ಟ್ಯಾಂಕರಿಗೆ ಕೊಡ ಸಾಲು ಹಚ್ಚುವ ಓಣಿಯಲ್ಲಿ, ಅಲಂಕಾರದ ಗಿಡಕ್ಕೆ ಕುಡಿಯುವ ನೀರು ಸುರಿಯಿರಿ ಎಂದು ನಾವು ಹೇಳುವುದಿಲ್ಲ. ಕಾಯಿಪಲ್ಲೆ ತೊಳೆದ ನೀರು, ಬೇಳೆ ತೊಳೆದ ಎರಡನೇ ನೀರು ಸಾಕು. ಎಂಟು ಇಂಚಿನ ಕುಂಡಕ್ಕೆ ಒಂದು ಸಲಕ್ಕೆ ಅರ್ಧದಿಂದ ಒಂದು ಲೀಟರ್ ಹಿಡಿಯುತ್ತದೆ. ಉಪ್ಪು, ಸೋಪು, ಎಣ್ಣೆ ತಾಗಿದ ನೀರು ಮಾತ್ರ ಬೇಡ. ಹಾಲು ಸಕ್ಕರೆ ಬೆರೆತ ಚಹಾ ಚರಟ ಹಾಕಿದರೆ ಇರುವೆ, ನೊರಜು ಮುತ್ತುತ್ತವೆ.

ಅದೂ ಸಿಗದಿದ್ದರೆ? ಗರಿಗಳನ್ನೆಲ್ಲ ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿಬಿಡಿ. ಕುಂಡವನ್ನು ಮನೆಯ ಅತಿ ತಂಪಾದ ಮೂಲೆಯಲ್ಲಿಟ್ಟು, ಮಣ್ಣು ಪೂರ್ತಿ ಒಣಗದಂತೆ ಎರಡು ದಿನಕ್ಕೊಮ್ಮೆ ಒಂದು ಲೋಟ ನೀರು ಹಾಕಿ. ಗರಿ ಇಲ್ಲದ ಮೇಲೆ ನೀರು ಆರುವುದೂ ಕಡಿಮೆ. ಗಿಡ ನಿದ್ದೆ ಮಾಡಿದಂತೆ ಇರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಬುಡದಲ್ಲಿ ಶಂಖದಂತೆ ಸುರುಳಿ ಸುತ್ತಿದ ಹಸಿರು ಕುಡಿ ಏಳುತ್ತದೆ. ಸತ್ತಿತೆಂದು ತಿಪ್ಪೆಗೆ ಎಸೆಯುವ ಎಷ್ಟೋ ಫರ್ನ್‌ಗಳು ಸತ್ತಿರುವುದೇ ಇಲ್ಲ. ಎಸೆಯುವ ಮುನ್ನ ಬುಡವನ್ನು ಉಗುರಿನಿಂದ ಕೆರೆಯಿರಿ. ಗಟ್ಟಿಯಾಗಿದ್ದು ಒಳಗೆ ಹಸಿರೋ ಬಿಳಿಯೋ ಕಂಡರೆ ಜೀವ ಇದೆ. ಮೆತ್ತಗೆ ಕೊಳೆತಿದ್ದರೆ ಅಥವಾ ಕಟ್ಟಿಗೆಯಂತೆ ಒಣಗಿದ್ದರೆ ಮಾತ್ರ ಆಸೆ ಬಿಡಿ.

ಎರೆಮಣ್ಣು ಕುಂಡಕ್ಕಲ್ಲ

ನಮ್ಮ ಎರೆಮಣ್ಣು ಜೋಳಕ್ಕೆ, ತೊಗರಿಗೆ ಬಂಗಾರ. ಕುಂಡದಲ್ಲಿ ಅದೇ ಮಣ್ಣು ಫರ್ನ್‌ಗೆ ಉರುಳು. ಒದ್ದೆಯಾದರೆ ಅಂಟಾಗಿ ಗಾಳಿ ಆಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ. ಫರ್ನ್‌ಗೆ ಬೇಕಾದದ್ದು ಹಗುರಾದ, ಕೈಯಲ್ಲಿ ಹಿಡಿದು ಬಿಟ್ಟರೆ ಸಡಿಲವಾಗಿ ಉದುರುವ ಮಣ್ಣು. ತೆಂಗಿನ ನಾರಿನ ಪುಡಿ ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಸೇರಿಸಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಕುಂಡದ ತೂತಿನ ಮೇಲೆ ಒಡೆದ ಹೆಂಚಿನ ಚೂರು ಇಡುವುದನ್ನು ಮರೆಯಬೇಡಿ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಇರಲಿ. ಹೊಲ ಇರುವ ಮನೆಯಲ್ಲಿ ಯೂರಿಯಾ ಚೀಲ ಮೂಲೆಯಲ್ಲೇ ಇರುತ್ತದೆ. "ಒಂದು ಮುಷ್ಟಿ ಹಾಕಿದ್ರ ಏನಾಗ್ತದ" ಅನಿಸುತ್ತದೆ. ಆ ಒಂದು ಮುಷ್ಟಿಗೆ ಫರ್ನ್ ಬೇರು ಸುಟ್ಟುಹೋಗುತ್ತದೆ. ಹಸಿ ಸಗಣಿಯೂ ಬೇಡ. ಜುಲೈನಿಂದ ಅಕ್ಟೋಬರಿನವರೆಗೆ ತಿಂಗಳಿಗೊಂದು ಹಿಡಿ ಎರೆಹುಳು ಗೊಬ್ಬರ ಸಾಕು. ಚಳಿಗಾಲದಲ್ಲಿ, ಕಡುಬೇಸಿಗೆಯಲ್ಲಿ ಏನೂ ಬೇಡ.

ಎಲ್ಲಿಡಬೇಕು?

ಗಡಿಗೆ ಇಡುವ ಜಾಗ ನೋಡಿ. ಕುಡಿಯುವ ನೀರಿನ ಗಡಿಗೆಯನ್ನು ನಮ್ಮ ಹಿರಿಯರು ಒದ್ದೆ ಮರಳಿನ ಮೇಲೆ, ನೆರಳಿನಲ್ಲಿ, ಗಾಳಿ ಸುಳಿಯುವ ಮೂಲೆಯಲ್ಲಿ ಕೂಡಿಸುತ್ತಿದ್ದರು. ಫರ್ನ್‌ಗೂ ಅದೇ ಉಪಾಯ. ಪ್ಲಾಸ್ಟಿಕ್ ಕುಂಡದಲ್ಲಿರುವ ಗಿಡವನ್ನು ಅದಕ್ಕಿಂತ ದೊಡ್ಡದಾದ, ತಳದಲ್ಲಿ ತೂತಿರುವ ಮಣ್ಣಿನ ಕುಂಡದೊಳಗೆ ಇಟ್ಟು, ನಡುವಿನ ಸಂದಿಯಲ್ಲಿ ಮರಳು ತುಂಬಿ, ಆ ಮರಳನ್ನು ಒದ್ದೆಯಾಗಿಡಿ. ಹೊರಗಿನ ಕುಂಡದಿಂದ ನೀರು ಆರುತ್ತಾ ಒಳಗಿನ ಬೇರು ತಂಪಾಗಿರುತ್ತದೆ.

ತೂಗುಹಾಕಿದ ಕುಂಡ ನೋಡಲು ಚೆಂದ, ಆದರೆ ಬಿಸಿಗಾಳಿ ಮೇಲೆ ಏರುವುದರಿಂದ ಅದು ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಮಾರ್ಚ್ ಬಂದ ಕೂಡಲೇ ಕೆಳಗಿಳಿಸಿ ಫರಸಿಯ ಮೇಲಿಡಿ. ಬೆಳಕಿನ ಕಿಟಕಿ ಇರುವ ಬಚ್ಚಲು, ಪಾತ್ರೆ ತೊಳೆಯುವ ಜಾಗದ ಪಕ್ಕ, ಉತ್ತರಕ್ಕೆ ಮುಖವಿರುವ ಪಡಸಾಲೆ ಒಳ್ಳೆಯ ಜಾಗಗಳು. ಮಧ್ಯಾಹ್ನದ ಬಿಸಿಲಿಗೆ ಕಾದ ಪಶ್ಚಿಮದ ಗೋಡೆಗೆ ತಾಗಿಸಿ ಇಡಬೇಡಿ.

ದಿನಕ್ಕೆ ಹತ್ತು ಸಲ ನೀರು ಸಿಂಪಡಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಆ ತೇವ ನಮ್ಮ ಹವೆಯಲ್ಲಿ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ. ಅದಕ್ಕಿಂತ ನಾಲ್ಕಾರು ಕುಂಡ ಒತ್ತಾಗಿ ಜೋಡಿಸಿ, ನಡುವೆ ಫರ್ನ್ ಇಡಿ. ಕೆಳಗೆ ಹರಳು ತುಂಬಿದ ತಟ್ಟೆಯಲ್ಲಿ ನೀರಿಟ್ಟರೆ ತುಸು ಸಹಾಯವಾಗುತ್ತದೆ. ಕುಂಡದ ತಳ ಮಾತ್ರ ಆ ನೀರಿಗೆ ತಾಗಬಾರದು. ವಾರಕ್ಕೊಮ್ಮೆ ತಟ್ಟೆ ಉಜ್ಜಿ ಒಣಗಿಸಲೇಬೇಕು. ಡೆಂಗೆ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ.

ಸಣ್ಣ ಫರ್ನ್ ಆದರೆ ವಾರ್ಡ್ ಅವರ ಉಪಾಯವನ್ನೇ ಮಾಡಿ. ಅಗಲ ಬಾಯಿಯ ಗಾಜಿನ ಬರಣಿ ಖಾಲಿ ಇದೆಯೇ? ತಳಕ್ಕೆ ಹರಳು, ಮೇಲೆ ತೇವದ ಮಣ್ಣು ಹಾಕಿ ಗಿಡ ನೆಟ್ಟು ಸಡಿಲವಾಗಿ ಮುಚ್ಚಿ. ತಿಂಗಳಿಗೆ ಒಂದೆರಡು ಚಮಚ ನೀರು ಸಾಕಾಗುತ್ತದೆ. ಬಿಸಿಲಿಗೆ ಮಾತ್ರ ಇಡಬೇಡಿ, ಒಳಗೆ ಗಿಡ ಬೆಂದುಹೋಗುತ್ತದೆ.

ಯಾವುದು ಕೊಳ್ಳಬೇಕು, ಯಾವಾಗ?

ಕೂದಲೆಳೆಯಂಥ ಕಪ್ಪು ಕಡ್ಡಿಯ, ಕೊತ್ತಂಬರಿಯಂಥ ಎಲೆಯ ಮೇಡನ್‌ಹೇರ್ ಫರ್ನ್ ಎಷ್ಟೇ ಮುದ್ದಾಗಿ ಕಂಡರೂ ಬಯಲುಸೀಮೆಯ ಮನೆಗೆ ತರಬೇಡಿ. ಬರಣಿಯೊಳಗೆ ಬಿಟ್ಟರೆ ಇಲ್ಲಿ ಅದು ಬಾಳುವುದು ಕಷ್ಟ. ಬೋಸ್ಟನ್ ಫರ್ನ್ ಮಧ್ಯಮ. ಅದರ ಬಳಗದ್ದೇ ಆದ, ಗರಿ ನೆಟ್ಟಗೆ ನಿಲ್ಲುವ ಕಿಂಬರ್ಲಿ ಕ್ವೀನ್ ಒಣಹವೆಯನ್ನು ಇನ್ನಷ್ಟು ತಡೆಯುತ್ತದೆ. ಖಡ್ಗದಂಥ ಗರಿಯ, ಬೇರಿನಲ್ಲಿ ಸಣ್ಣ ಗಡ್ಡೆ ಬಿಡುವ ಜಾತಿಯೊಂದಿದೆ. ಆ ಗಡ್ಡೆ ನೋಡಿ ರೋಗವೆಂದು ಹೆದರಬೇಡಿ, ಅದು ಗಿಡದ ನೀರಿನ ಗಡಿಗೆ. ಹೊಸಬರಿಗೆ ಇದೇ ಒಳ್ಳೆಯದು. ಅಗಲ ಎಲೆಯ ಬರ್ಡ್ಸ್ ನೆಸ್ಟ್ ಫರ್ನ್ ತಂದರೆ ನಡುವಿನ ಕುಳಿಗೆ ನೀರು ಹಾಕದೆ ಸುತ್ತಲ ಮಣ್ಣಿಗೆ ಹಾಕಿ.

ನರ್ಸರಿಯವರು ಆಸ್ಪ್ಯಾರಗಸ್ ಫರ್ನ್ ಎಂದು ಕೊಡುವುದು ನಿಜವಾಗಿ ಫರ್ನ್ ಅಲ್ಲವೇ ಅಲ್ಲ. ಅದು ಶತಾವರಿಯ ಸಂಬಂಧಿ, ಹೂ ಬಿಡುತ್ತದೆ, ಕಾಯಿಯೂ ಆಗುತ್ತದೆ. ನಮ್ಮ ಬಿಸಿಲಿಗೆ ಚೆನ್ನಾಗಿ ತಾಳುತ್ತದೆ. ಅದರ ಕಾಯಿ ವಿಷಕಾರಿಯಾದ್ದರಿಂದ ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿಡಿ.

ಕೊಳ್ಳಲು ಸರಿಯಾದ ಕಾಲ ಜುಲೈ, ಆಗಸ್ಟ್. ಬೇಸಿಗೆಗೆ ಮುನ್ನ ಗಿಡಕ್ಕೆ ಏಳೆಂಟು ತಿಂಗಳು ಸಿಕ್ಕರೆ ಬೇರು ಗಟ್ಟಿಯಾಗುತ್ತದೆ. ಜನವರಿಯ ಪ್ರದರ್ಶನದಲ್ಲಿ ಕೊಂಡ ಗಿಡ ಊರಿಗೆ ಹೊಂದಿಕೊಳ್ಳುವ ಮೊದಲೇ ಬಿಸಿಲು ಬಂದಿರುತ್ತದೆ. ತಂದ ಗಿಡವನ್ನು ಎರಡು ವಾರ ಬೇರೆ ಗಿಡಗಳಿಂದ ದೂರ ಇಡಿ. ಮಲೆನಾಡಿಗೆ ಪ್ರವಾಸ ಹೋದಾಗ ಕಾಡಿನಿಂದ ಕಿತ್ತು ತರುವ ಆಸೆ ಮಾತ್ರ ಬೇಡ. ರಕ್ಷಿತ ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಮೇಲಾಗಿ ಆ ಗಿಡ ಇಲ್ಲಿ ಉಳಿಯುವುದೂ ಇಲ್ಲ.

ಫರ್ನ್ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಎಂದು ಮಾರುವವರ ಮಾತಿಗೂ ಮರುಳಾಗಬೇಡಿ. 1989ರಲ್ಲಿ ಅಮೆರಿಕದ ನಾಸಾ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲವು ಗಿಡಗಳ ಪ್ರಯೋಗ ಮಾಡಿತ್ತು. ಆ ಪರಿಣಾಮ ನಿಜವಾದ ಮನೆಯಲ್ಲಿ ಸಿಗಬೇಕಾದರೆ ನಡೆದಾಡಲೂ ಜಾಗವಿಲ್ಲದಷ್ಟು ಗಿಡ ತುಂಬಬೇಕು ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಕಿಟಕಿ ತೆರೆದರೆ ಅದಕ್ಕಿಂತ ಹೆಚ್ಚು ಲಾಭ.

ಕೊನೆಗೆ ನಮ್ಮ ಮಾತು

ಹಾಗಾದರೆ ಇಷ್ಟೆಲ್ಲ ಯಾಕೆ ಬೇಕು? ಕಣ್ಣಿಗೆ ಹಸಿರು ಬೇಕು ಅನ್ನೋದಕ್ಕೆ. ಮನೆಯಲ್ಲಿ ಎಲ್ಲರಿಗೂ ಒಂದೊಂದು ಇಷ್ಟದ ವಸ್ತು ಇರುತ್ತದೆ. ಯಜಮಾನರ ಗಾಡಿ ಕೆಟ್ಟರೆ ಮೆಕ್ಯಾನಿಕ್ ಹತ್ತಿರ ಒಯ್ಯುತ್ತಾರೆ, ಯಾರೂ ಅವರ ಕೈಗುಣದ ಮಾತೆತ್ತುವುದಿಲ್ಲ. ಗೃಹಿಣಿಯ ಗಿಡ ಒಣಗಿದರೆ ಮಾತ್ರ ಅದು ಅವಳ ಗುಣದ ಪ್ರಶ್ನೆಯಾಗುತ್ತದೆ. ಉಪ್ಪಿನಕಾಯಿಗೆ ಬೂಸು ಬಂದರೂ ಕೈಗುಣ, ಮೊಸರು ಹೆಪ್ಪುಗಟ್ಟದಿದ್ದರೂ ಕೈಗುಣ. ಈ ಮಾತನ್ನು ನಾವು ಹೆಂಗಸರೇ ಒಬ್ಬರಿಗೊಬ್ಬರು ಹೆಚ್ಚು ಹೇಳಿಕೊಳ್ಳುತ್ತೇವೆ ಎಂಬುದೂ ನಿಜ. ಸೊಸೆಯ ಗಿಡ ಒಣಗಿದಾಗ ಅತ್ತೆಯಾದವರು ಕೈಗುಣ ಅನ್ನುವ ಬದಲು ಬೆರಳಿಟ್ಟು ಮಣ್ಣು ನೋಡಿದರೆ ಗಿಡವೂ ಉಳಿದೀತು, ಮನಸ್ಸೂ ಉಳಿದೀತು.

ಯಾವ ಊರಿನ ಹವೆಗೆ ಯಾವ ಗಿಡ ಎಂಬ ವಿವೇಕವೂ ನಮಗೆ ಬೇಕು. ಒಂದು ಫರ್ನ್ ಸಾಕು, ಹತ್ತು ಬೇಡ. ಎರಡು ಬೇಸಿಗೆ ಮನಸ್ಸಿಟ್ಟು ನೋಡಿಕೊಂಡ ಮೇಲೂ ಬದುಕದಿದ್ದರೆ ಹಟ ಬಿಟ್ಟು ಮನಿಪ್ಲಾಂಟನ್ನೋ ಲೋಳೆಸರವನ್ನೋ ಇಡಿ. ಅದರಲ್ಲಿ ಸೋಲೇನೂ ಇಲ್ಲ. ಮಲೆನಾಡಿನಲ್ಲಿ ಬಿಳಿಜೋಳ ಬೆಳೆಯಲಿಲ್ಲ ಎಂದು ಅಲ್ಲಿಯ ರೈತನನ್ನು ಯಾರೂ ಬೈಯುವುದಿಲ್ಲ.

ಈಗ ನಿಮ್ಮ ಮನೆಯ ಕುಂಡದ ಹತ್ತಿರ ಹೋಗಿ. ನೀರಿನ ತಂಬಿಗೆ ಒಯ್ಯಬೇಡಿ. ಮೊದಲು ಬೆರಳು ಇಳಿಸಿ, ಕುಂಡ ಎತ್ತಿ, ತಳ ಮೂಸಿ, ಗರಿ ಮಗುಚಿ ನೋಡಿ. ಕಂಡದ್ದನ್ನು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಎರಡು ಶಬ್ದದಲ್ಲಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆದರೂ ಆದೀತು. ಮೂರು ತಿಂಗಳ ನಂತರ ಆ ಬರಹವೇ ನಿಮ್ಮ ಮನೆಗೆ ಸರಿಹೊಂದುವ ಪುಸ್ತಕವಾಗಿರುತ್ತದೆ.